ಕಮಲಾಪುರದ ಏಳು ಮೀನುಗಳು

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ಇರುವುದು ಐದು ಕೋಣೆ. ಗೆಳತಿಯರಿಗೆ ಹೇಳುವಾಗ ಹನ್ನೊಂದು. ಉಳಿದ ಆರನ್ನು ಎಲ್ಲಿಂದ ತಂದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಅದಕ್ಕೂ ಉತ್ತರ ಸಿದ್ಧವಿತ್ತು. ನನಗೀಗ ಹದಿನೇಳು ವರ್ಷ, ಪಿಯುಸಿಯ ಎರಡನೇ ವರ್ಷ, ನನ್ನ ಸುಳ್ಳುಗಳು ಜಿಲ್ಲಾ ಮಟ್ಟ ದಾಟಿ ವಿಭಾಗ ಮಟ್ಟಕ್ಕೆ ಬಂದಿವೆ. ಆದರೆ ಹುಟ್ಟಿನಿಂದ ನಾನು ಹೀಗಿರಲಿಲ್ಲ. ಎಂಟು ವರ್ಷದವರೆಗೆ ಕಂಡದ್ದನ್ನು ಕಂಡಷ್ಟೇ ಹೇಳುವ, ಯಾರಿಗೂ ಬೇಡವಾದ ಹುಡುಗಿಯಾಗಿದ್ದೆ. ನನ್ನನ್ನು ಕೆಡಿಸಿದವಳು ನಮ್ಮ ಅಜ್ಜಿ. ಅಜ್ಜಿಯನ್ನು ಕೆಡಿಸಿದ್ದು ಕಾಶಿ.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಆಮೇಲೆ ಬದುಕಿರುವ ತನಕ ಅದನ್ನು ಬಾಯಿಗೆ ಹಾಕಬಾರದು ಎಂಬ ಪದ್ಧತಿ ನಮ್ಮ ಮನೆಗಳಲ್ಲಿದೆ. ನಮ್ಮ ಓಣಿಯ ಭಜನಾ ಮಂಡಳಿಯ ಹೆಂಗಸರೆಲ್ಲ ಕೂಡಿ ಹೋದಾಗ, ಹೋಗುವ ಮೊದಲೇ ಒಬ್ಬೊಬ್ಬರು ಒಂದೊಂದು ಹಂಚಿಕೆ ಹಾಕಿಕೊಂಡಿದ್ದರು. ಪಕ್ಕದ ಮನೆಯ ಇಂದುಕಾಕು ಹಾಗಲಕಾಯಿ ಬಿಟ್ಟಳು. ಅವಳು ಹಾಗಲಕಾಯಿ ತಿಂದದ್ದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ. ನಮ್ಮ ಅಜ್ಜಿಗೆ ಮಾತ್ರ ಏನು ಬಿಡಬೇಕೆಂದು ರೈಲಿನಲ್ಲಿ ಎರಡು ದಿನ ಕೂತರೂ ಹೊಳೆಯಲಿಲ್ಲವಂತೆ. ಅವಳಿಗೆ ಇಷ್ಟವಾದದ್ದು ತುಂಬುಗಾಯಿ ಬದನೆಕಾಯಿ. ಅದನ್ನು ಬಿಡುವ ಬದಲು ಅವಳು ಗಂಗೆಯಲ್ಲಿ ನನ್ನಪ್ಪನನ್ನು ಬಿಟ್ಟು ಬರುತ್ತಿದ್ದಳು. ಸೊಂಟದ ತನಕ ನೀರಿನಲ್ಲಿ ನಿಂತಾಗ, ಹಿಂದೆ ನೂರು ಜನ ನೂಕುತ್ತಿದ್ದಾಗ, ಪುರೋಹಿತರು ಅವಸರ ಮಾಡಿದಾಗ ಅವಳ ಬಾಯಿಂದ ಬಂದದ್ದು ಒಂದೇ ಮಾತು: ಹೋಟೆಲಿನ ಅಡುಗೆ. ಆ ವಯಸ್ಸಿನ ತನಕ ಅವಳು ಹೋಟೆಲಿನ ಹೊಸ್ತಿಲು ತುಳಿದವಳಲ್ಲ. ಏನೂ ಕಳೆದುಕೊಳ್ಳದೆ ಪುಣ್ಯ ಗಂಟು ಕಟ್ಟಿಕೊಂಡು ಬಂದೆ ಎಂದು ಇಡೀ ಓಣಿಗೆ ಗಂಗೆಯ ನೀರಿನ ಜೊತೆ ಈ ಸುದ್ದಿಯನ್ನೂ ಹಂಚಿದಳು.

ಅದಾಗಿ ಒಂದು ತಿಂಗಳಿಗೆ ಅಮ್ಮ ಸೌಟು ಕೆಳಗಿಟ್ಟಳು.

"ವಾರಕ್ಕೊಮ್ಮೆ ಎಲ್ಲಾರಿಗೂ ಸೂಟಿ ಅದ. ನನ್ನ ಒಲಿಗೆ ಯಾಕಿಲ್ಲ? ಇನ್ನ ರವಿವಾರ ಮಧ್ಯಾಹ್ನ ನಾ ಅಡಗಿ ಮಾಡಂಗಿಲ್ಲ."

ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಇದನ್ನು ಶಿಕ್ಷೆ ಎಂದುಕೊಳ್ಳಲಿಲ್ಲ. ಅವನು ಈ ಮಾತಿಗಾಗಿ ಮದುವೆಯಾದ ದಿನದಿಂದ ಕಾಯುತ್ತಿದ್ದವನ ಹಾಗೆ ಚಪ್ಪಲಿ ಮೆಟ್ಟಿಕೊಂಡು ಆಟೋ ಕರೆಯಲು ಓಡಿದ. ಅಂದಿನಿಂದ ಪ್ರತಿ ರವಿವಾರ ಮೂವರೂ ಹೋಟೆಲಿಗೆ ಹೊರಡುತ್ತಿದ್ದೆವು, ಅಜ್ಜಿ ಮೊಸರನ್ನದ ತಾಟು ಹಿಡಿದು ಪಡಸಾಲೆಯ ತೂಗುಮಂಚದಲ್ಲಿ ಕೂತು ನಮ್ಮನ್ನು ಬೀಳ್ಕೊಡುತ್ತಿದ್ದಳು. ಅವಳ ಮುಖ ಊರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡವರ ಮುಖದ ಹಾಗಿರುತ್ತಿತ್ತು. ಕಂಡಿರದ ವಸ್ತುವನ್ನು ಬಿಟ್ಟುಬಿಟ್ಟೆ ಎಂಬುದು ಅವಳಿಗೆ ಆಗ ಹೊಳೆದಿತ್ತು.

ಕಲಬುರಗಿಯ ಬಿಸಿಲಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಊರು ಅರ್ಧ ಕರಗಿರುತ್ತದೆ. ಸ್ಟೇಷನ್ ರಸ್ತೆಯ ಆ ಹೋಟೆಲಿನ ಒಳಗೆ ಕಾಲಿಟ್ಟರೆ ಮಾತ್ರ ಬೇರೆ ಲೋಕ. ಹಸಿರು ಪರದೆ ಎಳೆದ ಫ್ಯಾಮಿಲಿ ರೂಮು, ತಲೆಯ ಮೇಲೆ ಗೊರಕೆ ಹೊಡೆಯುವ ಫ್ಯಾನು, ಬೆವರುತ್ತ ಕೂತ ಸ್ಟೀಲಿನ ಲೋಟಗಳು, ಇಪ್ಪತ್ತೆಂಟು ತಿಂಡಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಇಪ್ಪತ್ತೊಂಬತ್ತನೆಯದಕ್ಕೆ ಉಸಿರು ಸಾಲದೆ ಹೋಗುವ ಸಪ್ಲಾಯರ್. ಉಂಡು ಮನೆಗೆ ಬಂದ ಕೂಡಲೇ ಅಪ್ಪ ಅಮ್ಮ ಇಬ್ಬರೂ ನೆಲಕ್ಕೆ ತಲೆ ತಾಗಿಸಿದಲ್ಲೇ ನಿದ್ದೆ ಹೋಗುತ್ತಿದ್ದರು. ಅಜ್ಜಿ ಮಾತ್ರ ತೂಗುಮಂಚದಲ್ಲಿ ಸರಿದು ನನಗೆ ಜಾಗ ಮಾಡಿಕೊಡುತ್ತಿದ್ದಳು. ಅವಳ ಲೆಕ್ಕದಲ್ಲಿ ತಟ್ಟೆ, ಬಟ್ಟಲು, ಪಿಂಗಾಣಿ ಯಾವುದಿದ್ದರೂ ಅದು ಎಲೆಯೇ.

"ಪದ್ದೀ, ಎಲಿ ಹ್ಯಾಂಗಿತ್ತು?"

ಮೊದಲ ರವಿವಾರ ನಾನು ನಿಜ ಹೇಳಿದೆ. "ಮಸಾಲಿ ದೋಸಿ ತಿಂದ್ವಿ ಅಜ್ಜಿ. ಚಲೋ ಇತ್ತು." ಅಷ್ಟೇ. ಅಜ್ಜಿ ಇನ್ನೇನೋ ಬರುತ್ತದೆಂದು ಕಾದಳು, ಬರಲಿಲ್ಲ. ತೂಗುಮಂಚ ಮೆಲ್ಲಗೆ ನಿಂತುಹೋಯಿತು. ಆ ನಿಂತ ಸರಪಳಿಯ ಸದ್ದಿಲ್ಲದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಎರಡನೇ ರವಿವಾರ ದೋಸೆಯನ್ನು ಒಂದು ಗೇಣು ಉದ್ದ ಮಾಡಿದೆ. ಅಜ್ಜಿ ಕಾಲಿನಿಂದ ನೆಲವನ್ನು ಒಂದು ಸಲ ಮೀಟಿದಳು. ಮೂರನೇ ವಾರ ದೋಸೆ ಮೇಜಿನ ಆಚೆ ಈಚೆ ಜೋತುಬಿದ್ದಿತ್ತು. ನಾಲ್ಕನೇ ವಾರ ಅದನ್ನು ಇಬ್ಬರು ಹೆಗಲ ಮೇಲೆ ಹೊತ್ತು ತಂದರು, ದಾರಿ ಬಿಡ್ರಿ ದಾರಿ ಬಿಡ್ರಿ ಎಂದು ಕೂಗಲು ಮುಂದೆ ಒಬ್ಬನಿದ್ದ. ಚಟ್ನಿಯ ಬಟ್ಟಲಿಗೆ ಇಳಿಯಲು ಮೆಟ್ಟಿಲಿದ್ದವು. ತೂಗುಮಂಚ ಈಗ ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು. ಅಜ್ಜಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು, ಬಾಯಿ ಮಾತ್ರ ಸಣ್ಣಗೆ ಅಲುಗುತ್ತಿತ್ತು, ನಾನು ಹೇಳಿದ್ದನ್ನೆಲ್ಲ ನಿಧಾನ ಅಗಿಯುತ್ತಿದ್ದಳು. ಬಿಸಿಲು ಗವಾಕ್ಷಿಯಿಂದ ಇಳಿದು ನೆಲದ ಮೇಲೆ ಒಂದು ದುಂಡನೆಯ ಬಿಳಿ ಇಡ್ಲಿಯಾಗಿ ಕೂತಿರುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ನಾನು ಎಚ್ಚರವಿದ್ದೆನೋ ನಿದ್ದೆಯಲ್ಲಿ ಮಾತಾಡುತ್ತಿದ್ದೆನೋ ಈಗಲೂ ಹೇಳಲಾರೆ.

ಶಾಲೆಯಲ್ಲಿ ನನ್ನ ಮಾತು ಕೇಳುವವರಿರಲಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ತಮ್ಮ ತಮ್ಮೊಳಗೇ ಜಗಳವಾಡಿ ದಣಿದಿರುತ್ತಿದ್ದರು. ಇಡೀ ಭೂಮಂಡಲದಲ್ಲಿ ನಾನು ಬಾಯಿ ತೆರೆದರೆ ಕಣ್ಣು ಮುಚ್ಚಿ ಕೂರುವ ಒಂದೇ ಜೀವ ಅಜ್ಜಿ. ಒಮ್ಮೆ ಅಪ್ಪ ಮೊಬೈಲಿನಲ್ಲಿ ದೋಸೆಯ ಫೋಟೋ ತೋರಿಸಲು ಹೋದ. ಅಜ್ಜಿ ಅದನ್ನು ಕೈಯಿಂದ ಆಚೆ ಸರಿಸಿದಳು.

"ಫೋಟೋದಾಗ ವಾಸನಿ ಬರ್ತದೇನು? ತಗೀ ಅದನ್ನ. ಪದ್ದಿ ಹೇಳ್ತಾಳ, ನಾ ಕೇಳ್ತೀನಿ."

ಆ ಸಂಜೆ ಅಪ್ಪನ ಮೊಬೈಲಿನಿಂದ ಹೋಟೆಲಿನ ಫೋಟೋಗಳೆಲ್ಲ ತಾವಾಗಿಯೇ ಅಳಿಸಿಹೋದವು. ಹೇಗೆಂದು ನನಗೆ ಗೊತ್ತಿಲ್ಲ.

ಹುಮನಾಬಾದಿನಲ್ಲಿ ನಮ್ಮ ಸೋದರತ್ತೆಯ ಮನೆ. ನಾವು ಮೂವರು ಅಲ್ಲಿಗೆ ಹೋಗುವಾಗ ಕಮಲಾಪುರದಲ್ಲಿ ರಸ್ತೆಗೆ ಹೊಂದಿಕೊಂಡು ಒಂದು ಖಾನಾವಳಿ ಸಿಗುತ್ತಿತ್ತು. ತಗಡಿನ ಮಾಡು, ಮೂರು ಬೆಂಚು, ಮುಂದೆ ಹಗ್ಗಕ್ಕೆ ನೇತುಹಾಕಿದ ಕೆಂಪು ಬಾಳೆಹಣ್ಣಿನ ಗೊನೆಗಳು, ಕೈ ತೊಳೆಯಲು ಒಂದು ಸಿಮೆಂಟಿನ ತೊಟ್ಟಿ. ಒಳಗೆ ಶಾಂತಮ್ಮ ಎಂಬ ಗಟ್ಟಿ ಮೈಯ ಹೆಂಗಸು ಒಲೆಯ ಮುಂದೆ ಕೂತು ಜೋಳದ ರೊಟ್ಟಿ ತಟ್ಟುತ್ತಿದ್ದಳು. ಆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಂಚಿಗೆ ಕೆನೆಮೊಸರು. ಅದರ ರುಚಿಯ ಬಗ್ಗೆ ನಾನು ಒಂದು ಸುಳ್ಳೂ ಹೇಳಬೇಕಾಗಿರಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂದಿರಬೇಕು. ರುಚಿಯನ್ನು ಬೆಳೆಸಲಾಗದೆ ಕಟ್ಟಡವನ್ನು ಬೆಳೆಸಿದೆ. ಅಜ್ಜಿಗೆ ಹೇಳುವಾಗ ತಗಡಿನ ಮಾಡು ನೂರು ಕಂಬಗಳ ಪಡಸಾಲೆಯಾಯಿತು. ಬಾಳೆಗೊನೆಗಳು ಹಗಲಲ್ಲೂ ಉರಿಯುವ ಕೆಂಪು ದೀಪಗಳಾದವು. ಶಾಂತಮ್ಮ ಒಳಗಿನಿಂದ ಬೀಸಿದ ರೊಟ್ಟಿ ಗಾಳಿಯಲ್ಲಿ ತೇಲಿ ಬಂದು, ಯಾರಿಗೆ ಹಸಿವು ಹೆಚ್ಚೋ ಅವರನ್ನು ಹುಡುಕಿ ಅವರ ತಟ್ಟೆಯಲ್ಲೇ ಇಳಿಯುತ್ತಿತ್ತು. ನಡುವೆ ಒಂದು ಕೊಳ. ಕೊಳದಲ್ಲಿ ಏಳು ಮೀನು. ರೊಟ್ಟಿ ತಟ್ಟುವ ಸಪ್ಪಳ ಕೇಳಿದರೆ ಏಳೂ ಮೇಲೆ ಬಂದು ತಾಳಕ್ಕೆ ಬಾಲ ಅಲ್ಲಾಡಿಸುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಮೀನಿಗೆ ಮೂಗುತಿ ಇತ್ತು.

ಮೂಗುತಿಯಲ್ಲಿ ನಾನು ಕೆಟ್ಟೆ. ತೂಗುಮಂಚ ಒಮ್ಮೆಗೇ ನಿಂತಿತು.

"ಪದ್ದೀ, ನಾ ಇದನ್ನ ನೋಡಬೇಕು."

"ಅಜ್ಜಿ, ನೀ ಹೋಟೆಲ್ ಬಿಟ್ಟೀಯಲ್ಲ!"

"ಬಿಟ್ಟಿದ್ದು ಉಣ್ಣೂದು. ನೋಡೂದು ಬಿಟ್ಟೀನೇನು? ಆ ಹೊತ್ತಿನ್ಯಾಗ ಪುರೋಹಿತರು ಕಣ್ಣಿನ ಮಾತೇನೂ ಎತ್ತಿದ್ದಿಲ್ಲ."

ಅಪ್ಪನಿಗೆ ವಿಷಯ ತಿಳಿದು ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಬರುವ ರವಿವಾರ ಅತ್ತೆಯ ಮನೆಗೆ ಎಲ್ಲರೂ ಕಾರು ಮಾಡಿಕೊಂಡು ಹೋಗೋಣ, ದಾರಿಯಲ್ಲಿ ಅವ್ವನಿಗೆ ಕಮಲಾಪುರ ತೋರಿಸೋಣ ಎಂದ. ನಾನು ಆ ವಾರ ಉಂಡದ್ದು ಮೈಗೆ ಹತ್ತಲಿಲ್ಲ. ಗುರುವಾರ ನನಗೆ ಹೊಟ್ಟೆನೋವು ಬಂತು. ಅಜ್ಜಿ ಓಮಿನ ಕಷಾಯ ಕುಡಿಸಿ ವಾಸಿ ಮಾಡಿಬಿಟ್ಟಳು. ಶುಕ್ರವಾರ ಕಮಲಾಪುರದ ಕೊಳ ಬತ್ತಿದೆಯಂತೆ ಎಂದೆ; ಬತ್ತಿದ ಕೊಳವನ್ನಾದರೂ ನೋಡೋಣ ಎಂದಳು. ಶನಿವಾರ ಮೀನುಗಳಿಗೆ ಜಡ್ಡು ಎಂದೆ. ಅಜ್ಜಿ ಮರುದಿನಕ್ಕೆ ಸೀರೆ ತೆಗೆದಿಟ್ಟಳು. ಆ ರಾತ್ರಿ ನಾನು ದೇವರಿಗೆ ಕೇಳಿಕೊಂಡದ್ದು ಒಂದೇ: ನಿಜ ಕಂಡಮೇಲೂ ಅಜ್ಜಿ ಮತ್ತೊಮ್ಮೆ "ಎಲಿ ಹ್ಯಾಂಗಿತ್ತು" ಎನ್ನಬೇಕು. ಅವಳು ಕೇಳುವುದನ್ನು ನಿಲ್ಲಿಸಿದರೆ ನಾನು ಮತ್ತೆ, ದೋಸಿ ತಿಂದ್ವಿ, ಚಲೋ ಇತ್ತು ಎನ್ನುವ ಹುಡುಗಿಯಾಗಬೇಕಿತ್ತು.

ರವಿವಾರ ಅಜ್ಜಿ ಇಳಕಲ್ ಸೀರೆ ಉಟ್ಟಳು. ತೊಡೆಯ ಮೇಲೆ ಸ್ಟೀಲಿನ ಡಬ್ಬಿ. ಅದರಲ್ಲಿ ಅವಳೇ ಮಾಡಿದ ಬದನೆಕಾಯಿ, ಮೊಸರು. ನಾವು ಉಣ್ಣುವಾಗ ತಾನು ತನ್ನದನ್ನು ಉಂಡು ಖಾನಾವಳಿಯನ್ನು ನೋಡುವುದೆಂದು ನಿಶ್ಚಯವಾಗಿತ್ತು. ಊರು ದಾಟಿದ ಮೇಲೆ ಕಪ್ಪು ಹೊಲಗಳು ಬಿಸಿಲಲ್ಲಿ ನಡುಗುತ್ತಿದ್ದವು. ರಸ್ತೆಯ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣುತ್ತಿತ್ತು, ಹತ್ತಿರ ಹೋದರೆ ಇರುತ್ತಿರಲಿಲ್ಲ. ಬಿಸಿಲೂ ಸುಳ್ಳು ಹೇಳುತ್ತದೆ, ಅದಕ್ಕೆ ಯಾರೂ ಬೈಯುವುದಿಲ್ಲ ಎಂದು ಕಿಟಕಿಗೆ ಹಣೆ ಒತ್ತಿ ಯೋಚಿಸುತ್ತ ಕೂತೆ.

ಕಮಲಾಪುರದಲ್ಲಿ ಕಾರು ನಿಂತಿತು. ಅಜ್ಜಿ ಇಳಿದು ತಗಡಿನ ಮಾಡನ್ನು ನೋಡಿದಳು. ಮೂರು ಬೆಂಚನ್ನು ನೋಡಿದಳು. ಕಂಬಗಳನ್ನು ಎಣಿಸಿದಳೆಂದು ಕಾಣುತ್ತದೆ. ನಾಲ್ಕಿದ್ದವು, ಒಂದು ವಾಲಿತ್ತು. ಬಾಳೆಗೊನೆಗಳ ಹಿಂದಿನಿಂದ ಬಿಸಿಲು ತೂರಿ ಅವು ಒಂದು ಕ್ಷಣ ನಿಜವಾಗಿಯೂ ಉರಿಯುತ್ತಿರುವ ಹಾಗೆ ಕಂಡವು. ಅಜ್ಜಿಯ ಬಾಯಿ ಸಣ್ಣಗೆ ಅಲುಗಿತು. ಆಮೇಲೆ ಸೀದಾ ತೊಟ್ಟಿಯ ಹತ್ತಿರ ಹೋದಳು. ಅಂಚಿಗೆ ಪಾಚಿ, ನೀರಿನ ಮೇಲೆ ತೇಲುವ ಒಂದು ಕೆಂಪು ಪ್ಲಾಸ್ಟಿಕ್ ಚಂಬು.

"ಮೀನ ಎಲ್ಲಿ, ಪದ್ದೀ?"

"ಬಿಸಲಿಗೆ ತಳಕ್ಕ ಹೋಗ್ಯಾವ, ಅಜ್ಜಿ."

ತೊಟ್ಟಿಯ ತಳ ಮೊಣಕಾಲು ಆಳದಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು. ಅಜ್ಜಿ ಬಹಳ ಹೊತ್ತು ನೋಡಿದಳು. ಕೈ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಬಂದು ಬೆಂಚಿನ ತುದಿಗೆ ಕೂತಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಬಸವಕಲ್ಯಾಣದ ಕಡೆ ಹೊರಟ ಮದುವೆ ದಿಬ್ಬಣದ ಒಂದು ಟೆಂಪೊ ಬಂದು ನಿಂತಿತು. ನಾನು ಹೇಳಿದರೆ ಇನ್ನೂರು ಜನ; ಅಪ್ಪನ ಪ್ರಕಾರ ಹದಿನೆಂಟು. ಎಲ್ಲರೂ ಒಮ್ಮೆಗೇ ರೊಟ್ಟಿ ರೊಟ್ಟಿ ಎಂದರು. ಶಾಂತಮ್ಮನ ಸೊಸೆ ತವರಿಗೆ ಹೋಗಿದ್ದಳು, ಒಳಗೆ ಇದ್ದದ್ದು ಶಾಂತಮ್ಮನ ಎರಡೇ ಕೈ. ತಟ್ಟುವ ಸಪ್ಪಳ ಅವಸರಕ್ಕೆ ಬಿದ್ದು ತಾಳ ತಪ್ಪತೊಡಗಿತು. ಕಿವಿ ನಿಮಿರಿಸಿ ಕೂತಿದ್ದ ಅಜ್ಜಿಗೆ ತಡೆದುಕೊಳ್ಳಲಾಗಲಿಲ್ಲ. ಮನೆಯಲ್ಲಿ ಅವಳು ರೊಟ್ಟಿ ತಟ್ಟದೆ ವರ್ಷಗಳಾಗಿದ್ದವು. ಕೈ ನೋಯುತ್ತದೆ, ಸುಮ್ಮನೆ ಕೂಡ್ರಿ ಎಂದು ಅಮ್ಮ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಕದ್ದು ಬದನೆಕಾಯಿ ಮಾಡಿಕೊಂಡರೆ ಅದೇ ದೊಡ್ಡದು. ಈಗ ಡಬ್ಬಿ ನನ್ನ ಕೈಗೆ ಕೊಟ್ಟು ಎದ್ದಳು.

"ಒಳಗ ಬರ್ಲೇನವಾ?"

"ಬರ್ರಿ ಅಮ್ಮಾರ. ಕೆಲಸ ಭಾಳ ಅದರಿ, ಮಾತಾಡಾಕ ಆಗಂಗಿಲ್ಲ."

"ಮಾತಾಡಾಕ ಯಾರು ಬಂದಾರ? ಸರಿ ಆಕಡೆ. ಹಿಟ್ಟು ನಾದಾಕತ್ತಿ ಇಲ್ಲ ಮುದ್ದಾಡಾಕತ್ತಿ?"

ಶಾಂತಮ್ಮ ಹಿಟ್ಟು ಬಿಟ್ಟು ಸರಿದಳು. ಅಮ್ಮ "ಅತ್ಯಾ, ಕೈ!" ಎಂದು ಕೂಗಿದ್ದು ಅಜ್ಜಿಗೆ ಕೇಳಿಸಲಿಲ್ಲ. ಅಜ್ಜಿ ಬಳೆಗಳನ್ನು ಮೊಣಕೈಗೆ ಏರಿಸಿ, ಬಿಸಿ ಹಿಟ್ಟನ್ನು ಎರಡು ಸಲ ಅಂಗೈಯಿಂದ ಒತ್ತಿ, ದುಂಡಗೆ ಮಾಡಿ, ತಟ್ಟತೊಡಗಿದಳು. ತಪ್ ತಪ್ ತಪ್. ರೊಟ್ಟಿ ಅವಳ ಕೈಯ ಕೆಳಗೆ ತಾನೇ ತಿರುಗುತ್ತ ಅಗಲವಾಗುತ್ತಿತ್ತು. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಕೆಂಡಕ್ಕೆ ಆನಿಸಿದರೆ ಉಬ್ಬಿ ಚಂದ್ರನಾಗುತ್ತಿತ್ತು. ಹೊಗೆಯಲ್ಲಿ ತಗಡಿನ ತೂತುಗಳಿಂದ ಇಳಿದ ಬಿಸಿಲಿನ ಕೋಲುಗಳು ನಿಂತಿದ್ದವು. ನಾನು ಎಣಿಸಲಿಲ್ಲ, ಆದರೆ ನೂರು ಕಂಬಗಳಿಗೆ ಕಡಿಮೆ ಇರಲಿಲ್ಲ. ದಿಬ್ಬಣದ ಹಿರಿಯನೊಬ್ಬ ಒಂದು ತುತ್ತು ಬಾಯಿಗಿಟ್ಟು ಒಳಗೆ ಇಣುಕಿದ.

"ಇದು ಯಾರ ಕೈಯಿನ ರೊಟ್ಟಿರೀ?"

"ನಮ್ಮ ಅಜ್ಜೀದು!" ಎಂದು ನಾನು ಕೂಗಿದೆ. ಸೇರಿಸಲು ಏನೂ ಬೇಕಾಗಲಿಲ್ಲ.

ದಿಬ್ಬಣ ಉಂಡು ಹೋದಮೇಲೆ ಅಜ್ಜಿ ಕೊನೆಯ ಎರಡು ರೊಟ್ಟಿ ತಟ್ಟಿ ಹಿಡಿದುಕೊಂಡು ಹೊರಗೆ ಬಂದಳು. ಒಂದನ್ನು ಮುರಿದು ತನ್ನ ಡಬ್ಬಿಯ ಬದನೆಕಾಯಿಗೆ ಒತ್ತಿದಳು. ಅಪ್ಪ ಗಾಬರಿಯಾದ.

"ಅವ್ವಾ! ಹೋಟೆಲ್ ಅಡಗಿ ಬಿಟ್ಟೀ ನೀ!"

"ಇದನ್ನ ಯಾರು ಮಾಡ್ಯಾರ? ನಾ ಮಾಡೀನಿ."

"ಹಿಟ್ಟು ಹೋಟೆಲಿಂದಲ್ಲೇನು?"

"ಹಿಟ್ಟು ಹೊಲದ್ದು."

"ಬೆಂಕಿ?"

"ಬೆಂಕಿ ಅಗ್ನಿದೇವರದು."

"ಹಂಚು?"

"ಹಂಚು ನಾ ತಿನ್ನಾಕತ್ತೀನೇನೋ, ಮೂರ್ಖ?"

ಹೀಗೆ ಅಜ್ಜಿ ಹೋಟೆಲಿನ ಬೆಂಚಿನ ಮೇಲೆ, ಹೋಟೆಲಿನ ತಟ್ಟೆಯಲ್ಲಿ, ಕಾಲು ತೂಗಾಡಿಸುತ್ತ ಉಂಡಳು. ಬೆಂಚು ಎತ್ತರವಿತ್ತು, ಅವಳ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಇನ್ನೊಂದು ರೊಟ್ಟಿ ನನಗೆ. ಅದರ ರುಚಿ ಹೇಗಿತ್ತೆಂದು ಎಂಟು ವರ್ಷಗಳಿಂದ ಹೇಳಲು ನೋಡುತ್ತಿದ್ದೇನೆ. ಪ್ರತಿ ಸಲವೂ ಕಡಿಮೆಯೇ ಬೀಳುತ್ತದೆ. ಶಾಂತಮ್ಮ ಕಾರಿನ ತನಕ ಬಂದು ಒಂದು ಹೆಡಿಗೆ ಕೆಂಪು ಬಾಳೆಹಣ್ಣು ಒಳಗಿಟ್ಟಳು. ಅಜ್ಜಿ ಸೀಟಿಗೆ ಒರಗಿ ಹುಮನಾಬಾದಿನ ತನಕ ನಿದ್ದೆ ಹೋದಳು. ಕೊಳದ ಮಾತು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಮನೆಯಲ್ಲಿ ಬೆಕ್ಕಿನ ಹಾಗೆ ಗೋಡೆಗೆ ಒತ್ತಿಕೊಂಡು ಓಡಾಡಿದೆ.

ಬುಧವಾರ ಮಧ್ಯಾಹ್ನ ಇಂದುಕಾಕು ಬಂದಳು. ಅವಳಿಗೆ ಸುದ್ದಿ ಮುಟ್ಟಿತ್ತು. ನಾನು ಪಡಸಾಲೆಯ ಬಾಗಿಲ ಹಿಂದೆ ಸರಿದು ನಿಂತೆ. ತೂಗುಮಂಚದ ಸರಪಳಿ ಕಿರುಗುಟ್ಟುತ್ತಿತ್ತು.

"ಏನ್ರಿ, ಕಾಶಿಯೊಳಗ ಬಿಟ್ಟು, ಕಮಲಾಪುರದಾಗ ಉಂಡು ಬಂದೀರಂತ? ಹ್ಯಾಂಗಿತ್ತು ಹೇಳ್ರಿ, ದೊಡ್ಡ ಹೋಟೆಲ್ ಏನು?"

"ಎಲ್ಲಿ ದೊಡ್ಡದು! ತಗಡಿನ ಮಾಡು. ಮೂರು ಬೆಂಚು. ಒಂದು ಕಂಬ ಇವತ್ತೋ ನಾಳೆಯೋ ಅಂತದ."

ಅಜ್ಜಿ ಒಂದೊಂದಾಗಿ ನನ್ನ ಅರಮನೆಯನ್ನು ಕೆಡವುತ್ತಿದ್ದಳು. ರೊಟ್ಟಿ ಹಾರುವುದಿಲ್ಲ, ಶಾಂತಮ್ಮನ ಕೈ ಚಲೋ ಆದರೆ ನಾದುವುದು ಸಾಲದು, ಹೊಗೆ ಹೋಗಲು ದಾರಿಯಿಲ್ಲ. ಎಲ್ಲ ನಿಜ, ಇದ್ದದ್ದು ಇದ್ದ ಹಾಗೆ. ನಾನು ಕಣ್ಣು ಮುಚ್ಚಿದೆ.

"ಮತ್ತ ಕೊಳ ಅದ ಅಂತ ಪದ್ದಿ ಹೇಳ್ಯಾಳಂತ ನೀವಽ ಅಂತಿದ್ರಿ?"

ಸರಪಳಿ ನಿಂತಿತು. ಆಮೇಲೆ ಅಜ್ಜಿ ಕಾಲಿನಿಂದ ನೆಲ ಮೀಟಿದ ಸದ್ದು ಕೇಳಿತು.

"ಹೂಂ, ಕೊಳ ಅದ. ಅದು ಅದ. ರೊಟ್ಟಿ ತಟ್ಟಾಕ ಹತ್ತಿದ್ನೋ ಇಲ್ಲೋ, ಮೀನ ಎಲ್ಲಾ ಮ್ಯಾಲ ಬಂದ್ವು. ದೊಡ್ಡದಕ್ಕ ಮೂಗುತಿ. ಒಟ್ಟು ಎಂಟು."

"ಏಳು ಅಂದಿದ್ದಳಲ್ಲರೀ?"

"ಎಂಟು. ಎಂಟನೇದು ಸಣ್ಣದು. ಬಾಯಿ ಮಾತ್ರ ಭಾಳ ದೊಡ್ಡದು."

ಇಂದುಕಾಕು ನನ್ನ ಲಂಗದ ಅಂಚನ್ನು ಬಾಗಿಲ ಸಂದಿಯಲ್ಲಿ ಕಂಡಿದ್ದಳು.

"ಬಾ ಈಕಡೆ, ಪದ್ದೀ. ಹೌದೇನು? ಎಂಟು ಇದ್ವೇನು?"

ನಾನು ಹೊರಗೆ ಬಂದೆ. ಅಜ್ಜಿ ನನ್ನ ಕಡೆ ನೋಡದೆ ಮಂಚದ ಮೇಲೆ ಸರಿದು ಜಾಗ ಮಾಡಿದಳು.

"ನಾ ನೋಡಿದ್ದು ಏಳು, ಕಾಕು," ಎಂದೆ. "ಎಂಟನೇದನ್ನ ಅಜ್ಜಿ ಒಬ್ಬಾಕೀನಽ ನೋಡ್ಯಾಳ."